ಪೆಲೆಟ್ ಸ್ಟವ್: ಒಲೆಗಿಂತ ಮೊದಲು ಹೊಗೆಯ ದಾರಿ

ಮರದ ಪುಡಿಯನ್ನು ಒತ್ತಿ ಮಾಡಿದ ತುಂಡುಗಳನ್ನು ಉರಿಸಿ ಮನೆ ಬಿಸಿ ಮಾಡುವ ಒಲೆಯೇ ಪೆಲೆಟ್ ಸ್ಟವ್. ಅದನ್ನು ಕೊಳ್ಳಲು ಅಂಗಡಿಗೆ ಹೋದವರು ಮೊದಲು ನೋಡುವುದು ಗಾಜಿನ ಹಿಂದೆ ಉರಿಯುವ ಬೆಂಕಿಯನ್ನು. ಆಮೇಲೆ ಬಣ್ಣ, ಅಳತೆ, ಬೆಲೆ. ಒಲೆಯ ಹಿಂಬದಿಯಲ್ಲಿ 3 ಇಂಚಿನದೋ 4 ಇಂಚಿನದೋ ಒಂದು ದುಂಡು ಬಾಯಿ ಇರುತ್ತದೆ. ಅದನ್ನು ಬಗ್ಗಿ ನೋಡುವವರು ಕಡಿಮೆ. ಈ ಒಲೆ ಮನೆಯನ್ನು ಬೆಚ್ಚಗಿಡುತ್ತದೋ ಅಥವಾ ಮನೆಯವರ ಜೀವಕ್ಕೇ ಕುತ್ತು ತರುತ್ತದೋ ಎನ್ನುವುದು ಬಹುಪಾಲು ಆ ಬಾಯಿಗೆ ಜೋಡಿಸುವ ಪೈಪಿನ ಮೇಲೆ ನಿಂತಿದೆ.

ಅಮೆರಿಕದ ನ್ಯೂ ಇಂಗ್ಲೆಂಡ್ ರಾಜ್ಯಗಳು, ನ್ಯೂಯಾರ್ಕಿನ ಉತ್ತರ ಭಾಗ, ಮಿನೆಸೋಟಾ, ಕೊಲರಾಡೊ, ಗಡಿಯಾಚೆಯ ಕೆನಡಾ. ಇಲ್ಲೆಲ್ಲ ಸ್ವಂತ ಮನೆ ಮಾಡಿಕೊಂಡ ಕನ್ನಡಿಗರಿದ್ದಾರೆ. ನ್ಯೂ ಇಂಗ್ಲೆಂಡಿನ ಹಳೆಯ ಮನೆಗಳಲ್ಲಿ ಇವತ್ತಿಗೂ ಎಣ್ಣೆ ಉರಿಸಿ ಮನೆ ಬಿಸಿ ಮಾಡುವುದು ಸಾಮಾನ್ಯ. ಎಣ್ಣೆಯ ದರ ಏರಿದ ವರ್ಷ ಪೆಲೆಟ್ ಸ್ಟವ್ ಎಲ್ಲರಿಗೂ ನೆನಪಾಗುತ್ತದೆ. ಈ ಲೇಖನ ಅಂಥವರಿಗಾಗಿ. ಒಲೆಯನ್ನು ನೀವೇ ಕೂರಿಸಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಕೆಲಸದವರು ಬಂದಾಗ ಅವರು ಏನು ಮಾಡುತ್ತಿದ್ದಾರೆ, ಯಾಕೆ ಮಾಡುತ್ತಿದ್ದಾರೆ, ಏನನ್ನು ಬಿಟ್ಟರೆ ತಡೆದು ಕೇಳಬೇಕು ಎನ್ನುವುದು ಮನೆಯವರಿಗೆ ಗೊತ್ತಿರಬೇಕು ಅನ್ನುವುದಷ್ಟೇ ನನ್ನ ಆಸೆ.

ಒಲೆಯ ಒಳಗೆ ನಡೆಯುವುದೇನು?

ಗರಗಸದ ಮಿಲ್ಲಿನಲ್ಲಿ ಉಳಿದ ಮರದ ಪುಡಿಯನ್ನು ಒಣಗಿಸಿ, ಭಾರಿ ಒತ್ತಡ ಹಾಕಿ ಅಚ್ಚಿನ ತೂತುಗಳ ಮೂಲಕ ಹಾಯಿಸಿದರೆ ಸಣ್ಣ ಸಣ್ಣ ತುಂಡುಗಳಾಗಿ ಹೊರಬರುತ್ತದೆ. ಅದೇ ಪೆಲೆಟ್. ದಪ್ಪ ಸುಮಾರು 6 ಮಿಲಿಮೀಟರ್. ಸಾಮಾನ್ಯವಾಗಿ ಇದಕ್ಕೆ ಅಂಟು ಬೇಕಾಗುವುದಿಲ್ಲ. ಒತ್ತುವಾಗ ಹುಟ್ಟುವ ಬಿಸಿಗೆ ಮರದಲ್ಲೇ ಇರುವ ಲಿಗ್ನಿನ್ ಮೆತ್ತಗಾಗುತ್ತದೆ, ತಣಿದ ಮೇಲೆ ಅದೇ ಪುಡಿಯನ್ನು ಹಿಡಿದು ನಿಲ್ಲಿಸುತ್ತದೆ. ಚೆನ್ನಾಗಿ ಒಣಗಿದ ಸೌದೆಯಲ್ಲೂ ಶೇಕಡಾ 20ರ ಆಸುಪಾಸು ನೀರಿರುತ್ತದೆ. ಪೆಲೆಟ್‌ನಲ್ಲಿ ಶೇಕಡಾ 10ಕ್ಕಿಂತ ಕಡಿಮೆ. ಒಳ್ಳೆಯ ದರ್ಜೆಯ ಪೆಲೆಟ್ ಸುಟ್ಟರೆ ಉಳಿಯುವ ಬೂದಿ ಶೇಕಡಾ 1ನ್ನೂ ದಾಟುವುದಿಲ್ಲ. ಅಮೆರಿಕದಲ್ಲಿ ಇದು 40 ಪೌಂಡ್‌ನ ಚೀಲಗಳಲ್ಲಿ ಸಿಗುತ್ತದೆ. 50 ಚೀಲ ಸೇರಿದರೆ ಅಲ್ಲಿನ ಒಂದು ಟನ್.

1970ರ ದಶಕದ ತೈಲ ಬಿಕ್ಕಟ್ಟಿನ ನಂತರ ಮರದ ಪುಡಿಗೆ ಬೆಲೆ ಬಂತು. ವಾಷಿಂಗ್ಟನ್ ರಾಜ್ಯದಲ್ಲಿದ್ದ ವಿಮಾನ ಎಂಜಿನಿಯರ್ ಜೆರ್ರಿ ವಿಟ್‌ಫೀಲ್ಡ್ 1980ರ ದಶಕದಲ್ಲಿ ಮನೆಗೆ ಹೊಂದುವ ಪೆಲೆಟ್ ಸ್ಟವ್ ರೂಪಿಸಿದರು. ಅದರ ಮೂಲ ವಿನ್ಯಾಸ ಇವತ್ತಿಗೂ ಹೆಚ್ಚು ಬದಲಾಗಿಲ್ಲ.

ಒಲೆಯ ಮೇಲ್ಭಾಗದಲ್ಲಿ ಪೆಲೆಟ್ ಸುರಿಯುವ ಪೆಟ್ಟಿಗೆ ಇರುತ್ತದೆ. ಅದಕ್ಕೆ ಹಾಪರ್ ಎನ್ನುತ್ತಾರೆ. ಅದರ ಕೆಳಗೆ ಸುರುಳಿ ಆಕಾರದ ಆಗರ್ ನಿಧಾನವಾಗಿ ತಿರುಗುತ್ತಾ ಪೆಲೆಟ್‌ಗಳನ್ನು ಸ್ವಲ್ಪ ಸ್ವಲ್ಪವೇ ಬರ್ನ್ ಪಾಟ್ ಎಂಬ ತೂತು ತೂತಿನ ಬಟ್ಟಲಿಗೆ ಹಾಕುತ್ತದೆ. ವಿದ್ಯುತ್ತಿನಿಂದ ಕಾಯುವ ಕಡ್ಡಿಯೊಂದು ಬೆಂಕಿ ಹಚ್ಚುತ್ತದೆ. ಇದರ ಜೊತೆಗೆ ಎರಡು ಫ್ಯಾನುಗಳಿವೆ. ಒಂದು ಕೋಣೆಯ ಗಾಳಿಯನ್ನು ಬಿಸಿ ಕೊಳವೆಗಳ ಸುತ್ತ ಹಾಯಿಸಿ ಮತ್ತೆ ಕೋಣೆಗೆ ಬಿಡುತ್ತದೆ. ನಿಮಗೆ ಬೆಚ್ಚಗಾಗುವುದು ಇದರಿಂದ. ಇನ್ನೊಂದು ಹೊಗೆಯನ್ನು ಒಲೆಯಿಂದ ಎಳೆದು ಪೈಪಿಗೆ ದೂಡುತ್ತದೆ. ಈ ಎರಡನೆಯದನ್ನು ಚೆನ್ನಾಗಿ ಅರ್ಥ ಮಾಡಿಕೊಂಡರೆ ಪೈಪಿನ ಬಗ್ಗೆ ಇರುವ ನಿಯಮಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ಸೌದೆ ಒಲೆಯ ಚಿಮಣಿಯಲ್ಲಿ ಫ್ಯಾನ್ ಇರುವುದಿಲ್ಲ. ಬಿಸಿ ಹೊಗೆ ಹಗುರ, ಅದು ತಾನೇ ಮೇಲೇರುತ್ತದೆ. ಏರುವಾಗ ಚಿಮಣಿಯ ಒಳಗೆ ಒಂದು ಸೆಳೆತ ಉಂಟಾಗುತ್ತದೆ. ಅಂಥ ಚಿಮಣಿಯಲ್ಲಿ ಸಣ್ಣ ಬಿರುಕಿದ್ದರೂ ಸಾಮಾನ್ಯವಾಗಿ ಹೊರಗಿನ ಗಾಳಿ ಒಳಗೆ ಹೋಗುತ್ತದೆ, ಹೊಗೆ ಈಚೆ ಬರುವುದಿಲ್ಲ. ಪೆಲೆಟ್ ಸ್ಟವ್‌ನಲ್ಲಿ ಹಾಗಲ್ಲ. ಫ್ಯಾನಿನ ಹಿಂದಿನ ಭಾಗ, ಅಂದರೆ ಬೆಂಕಿ ಉರಿಯುವ ಗೂಡು, ಸೆಳೆತದಲ್ಲಿರುತ್ತದೆ. ಫ್ಯಾನಿನ ಮುಂದಿನ ಭಾಗ, ಅಂದರೆ ಪೈಪು, ಒತ್ತಡದಲ್ಲಿರುತ್ತದೆ. ಗಾಳಿ ತುಂಬಿದ ಸೈಕಲ್ ಟ್ಯೂಬಿನಲ್ಲಿ ಸೂಜಿಯಷ್ಟು ತೂತಾದರೂ ಗಾಳಿ ಹೊರಗೇ ಬರುತ್ತದಲ್ಲವೇ? ಇಲ್ಲೂ ಅಷ್ಟೇ. ಪೈಪಿನ ಯಾವ ಸಂದು ಸಡಿಲವಿದ್ದರೂ ಅಲ್ಲಿಂದ ಹೊಗೆ ನೇರವಾಗಿ ಕೋಣೆಗೆ ಬರುತ್ತದೆ. ಕಣ್ಣಿಗೆ ಕಾಣುವ ಹೊಗೆ ಬಂದರೆ ಪರವಾಗಿಲ್ಲ, ಗೊತ್ತಾಗುತ್ತದೆ. ಆದರೆ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಒಲೆಯ ಬಾಗಿಲಿನ ಸುತ್ತ ಇರುವ ಹಗ್ಗದಂಥ ಗ್ಯಾಸ್ಕೆಟ್ ಸವೆದರೆ ತೊಂದರೆ ಬೇರೆ ಥರ. ಅಲ್ಲಿಂದ ಕೋಣೆಯ ಗಾಳಿ ಒಳಗೆ ನುಗ್ಗುತ್ತದೆ. ಬರ್ನ್ ಪಾಟ್‌ನ ತೂತುಗಳ ಮೂಲಕ ಹೋಗಬೇಕಾದ ಗಾಳಿ ಅಡ್ಡದಾರಿ ಹಿಡಿಯುತ್ತದೆ. ಆಗ ಬೆಂಕಿ ಮಂಕಾಗುತ್ತದೆ, ಗಾಜಿಗೆ ಮಸಿ ಹಿಡಿಯುತ್ತದೆ, ಪೆಲೆಟ್ ಅರೆಬರೆ ಉರಿಯುತ್ತದೆ. ಅರೆಬರೆ ಉರಿದಷ್ಟೂ ಕಾರ್ಬನ್ ಮೊನಾಕ್ಸೈಡ್ ಜಾಸ್ತಿ.

ಯಾವ ಪೈಪು?

ಪೆಲೆಟ್ ಸ್ಟವ್‌ಗೆಂದೇ ಮಾಡಿದ ಪೈಪು ಸಿಗುತ್ತದೆ. ಅಂಗಡಿಯವರು ಅದನ್ನು ಪೆಲೆಟ್ ವೆಂಟ್ ಅಥವಾ ಪಿಎಲ್ ವೆಂಟ್ ಎನ್ನುತ್ತಾರೆ. ಅದು ಎರಡು ಪದರದ ಪೈಪು. ಒಳಗಿನದು ಸ್ಟೇನ್‌ಲೆಸ್ ಸ್ಟೀಲ್, ಹೊರಗಿನದು ಸಾಮಾನ್ಯವಾಗಿ ಗ್ಯಾಲ್ವನೈಸ್ಡ್ ತಗಡು, ನಡುವೆ ಗಾಳಿಯ ಜಾಗ. ಅಮೆರಿಕದಲ್ಲಿ ಯುಎಲ್ 641 ಎಂಬ ಸುರಕ್ಷತಾ ಪರೀಕ್ಷೆ ಪಾಸಾದ ಗುರುತು ಅದರ ಮೇಲಿರಬೇಕು. ತುಂಡುಗಳನ್ನು ತಿರುಗಿಸಿ ಬಿಗಿ ಮಾಡುವ ವ್ಯವಸ್ಥೆ ಇರುತ್ತದೆ. ಕೆಲವು ಕಂಪನಿಗಳ ಪೈಪಿನಲ್ಲಿ ಪ್ರತಿ ಸಂದಿಗೂ ಗ್ಯಾಸ್ಕೆಟ್ ಇರುತ್ತದೆ. ಇಲ್ಲದಿದ್ದರೆ ಹೆಚ್ಚು ಬಿಸಿ ತಡೆಯುವ ಸಿಲಿಕೋನ್ ಹಚ್ಚಬೇಕು. ಒಲೆಯ ಬಾಯಿಗೆ ಪೈಪು ಕೂಡುವ ಮೊದಲ ಸಂದಿಗಂತೂ ಸಿಲಿಕೋನ್ ಬೇಕೇ ಬೇಕು. ಎಲ್ಲಿ ಸ್ಕ್ರೂ ಹಾಕಬಹುದು, ಎಲ್ಲಿ ಹಾಕಬಾರದು ಎನ್ನುವುದನ್ನೂ ಪೈಪಿನ ಕಂಪನಿಯೇ ಹೇಳಿರುತ್ತದೆ. ಒಳಪದರಕ್ಕೆ ತೂತು ಬೀಳುವಂಥ ಸ್ಕ್ರೂ ಹಾಕಿದರೆ ಹೊಗೆಗೆ ನಾವೇ ದಾರಿ ಮಾಡಿಕೊಟ್ಟಂತೆ.

ಬೇರೆ ಕೆಲಸದ ಪೈಪುಗಳನ್ನು ಇಲ್ಲಿಗೆ ತರಲೇಬಾರದು. ಬಟ್ಟೆ ಒಣಗಿಸುವ ಡ್ರೈಯರ್‌ನ ತೆಳು ಅಲ್ಯೂಮಿನಿಯಂ ಪೈಪನ್ನು ಸುಮ್ನೆ ಅಳತೆ ಹೊಂದುತ್ತದೆ ಎಂದು ಜೋಡಿಸುವವರಿದ್ದಾರೆ. ಅದು ಈ ಬಿಸಿ ತಡೆಯುವುದಿಲ್ಲ. ಗ್ಯಾಸ್ ವಾಟರ್ ಹೀಟರಿಗೆ ಹಾಕುವ ಬಿ ವೆಂಟ್ ಕೂಡ ಎರಡು ಪದರದ್ದೇ, ಆದರೆ ಅದರ ಒಳಗೋಡೆ ಅಲ್ಯೂಮಿನಿಯಂ. ಅದೂ ಸಲ್ಲದು. ಸೌದೆ ಒಲೆಯ ಕಪ್ಪು ಪೈಪು ಬಿಸಿ ತಡೆಯುತ್ತದೆ ನಿಜ, ಆದರೆ ಅದರ ಸಂದುಗಳು ಒತ್ತಡ ತಡೆಯಲು ಮಾಡಿದವಲ್ಲ. ಎರಡು ಬೇರೆ ಕಂಪನಿಗಳ ತುಂಡುಗಳನ್ನು ಬೆರೆಸುವುದೂ ತಪ್ಪೇ. ನೋಡಲು ಒಂದೇ ಥರ ಇದ್ದರೂ ಅವು ಒಂದಕ್ಕೊಂದು ಗಟ್ಟಿಯಾಗಿ ಕೂರುವುದಿಲ್ಲ.

ತಿರುವುಗಳ ಲೆಕ್ಕ

ಫ್ಯಾನಿನ ಶಕ್ತಿಗೆ ಒಂದು ಮಿತಿ ಇದೆ. ಪೈಪು ಉದ್ದವಾದಷ್ಟೂ, ತಿರುವು ಹೆಚ್ಚಾದಷ್ಟೂ ಹೊಗೆ ದೂಡುವುದು ಕಷ್ಟ. ಎಷ್ಟು ಕಷ್ಟ ಎಂದು ತಿಳಿಯಲು ಒಲೆಯ ಕೈಪಿಡಿಗಳಲ್ಲಿ ಒಂದು ಸುಲಭವಾದ ಲೆಕ್ಕ ಕೊಟ್ಟಿರುತ್ತಾರೆ. ಅಡ್ಡ ಹೋಗುವ ಪೈಪಿನ ಪ್ರತಿ ಅಡಿಯನ್ನು 1 ಅಡಿ ಎಂದೇ ಹಿಡಿಯಿರಿ. ನೇರ ಮೇಲೆ ಹೋಗುವ ಪ್ರತಿ ಅಡಿಗೆ ಅರ್ಧ ಅಡಿ ಸಾಕು, ಯಾಕೆಂದರೆ ಬಿಸಿ ಹೊಗೆ ಅಲ್ಲಿ ತಾನೇ ಏರುತ್ತದೆ. 45 ಡಿಗ್ರಿ ಎಲ್ಬೋಗೆ, ಅಂದರೆ ಬಾಗಿದ ತುಂಡಿಗೆ, 3 ಅಡಿ. 90 ಡಿಗ್ರಿ ಎಲ್ಬೋಗೆ ಅಥವಾ T ಅಕ್ಷರದ ಆಕಾರದ ಟೀ ಜೋಡಣೆಗೆ ಬರೋಬ್ಬರಿ 5 ಅಡಿ.

ಒಂದು ಮನೆ ತೆಗೆದುಕೊಳ್ಳೋಣ. ಒಲೆಯ ಹಿಂದೆ ಒಂದು ಟೀ, ಅದಕ್ಕೆ 5. ಅಲ್ಲಿಂದ 5 ಅಡಿ ಮೇಲೆ, ಅದಕ್ಕೆ ಎರಡೂವರೆ. ಮೇಲೆ ಒಂದು 90 ಡಿಗ್ರಿ ಎಲ್ಬೋ, ಮತ್ತೆ 5. ಗೋಡೆ ದಾಟಿ ಹೊರಗೆ 2 ಅಡಿ, ಅದಕ್ಕೆ 2. ಒಟ್ಟು ಹದಿನಾಲ್ಕೂವರೆ. ಹೆಚ್ಚಿನ ಕೈಪಿಡಿಗಳು 15ರವರೆಗೆ 3 ಇಂಚಿನ ಪೈಪು ಸಾಕು ಎನ್ನುತ್ತವೆ, ಹಾಗಾಗಿ ಈ ಮನೆಗೆ ತೊಂದರೆ ಇಲ್ಲ. ಆದರೆ ನಡುವೆ ಒಂದು ಕಿಟಕಿ ಅಡ್ಡ ಬಂತು, ಅದನ್ನು ತಪ್ಪಿಸಲು ಇನ್ನೊಂದು ಎಲ್ಬೋ ಹಾಕಿದರು ಎಂದಿಟ್ಟುಕೊಳ್ಳಿ. ಲೆಕ್ಕ ಹತ್ತೊಂಬತ್ತೂವರೆಗೆ ಹಾರಿತು. ಈಗ 4 ಇಂಚಿನ ಪೈಪು ಬೇಕು. ಒಂದೇ ಒಂದು ತಿರುವಿಗೆ ಇಷ್ಟು ವ್ಯತ್ಯಾಸ. ಎತ್ತರದ ಊರುಗಳಲ್ಲಿ ಗಾಳಿ ತೆಳುವಾಗಿರುವುದರಿಂದ ಅಲ್ಲೂ ದೊಡ್ಡ ಪೈಪು ಕೇಳುತ್ತಾರೆ. ಡೆನ್ವರ್ ಇರುವುದೇ 5,280 ಅಡಿ ಎತ್ತರದಲ್ಲಿ. ಅಲ್ಲಿನವರು ಕೈಪಿಡಿಯ ಈ ಪುಟವನ್ನು ತಪ್ಪದೆ ನೋಡಬೇಕು.

ಆ ಟೀ ಯಾಕೆ, ಎಲ್ಬೋ ಹಾಕಿದರೆ ಸಾಲದೇ ಎಂದು ಕೇಳಬಹುದು. ಪೆಲೆಟ್ ಬೂದಿ ತುಂಬಾ ನಯ, ಹೊಗೆಯ ಜೊತೆ ಹಾರಿಕೊಂಡು ಪೈಪಿಗೆ ಬರುತ್ತದೆ. ತಿರುವಿನಲ್ಲಿ ವೇಗ ಕಡಿಮೆಯಾದಾಗ ಕೆಳಗೆ ಬೀಳುತ್ತದೆ. ಟೀ ಇದ್ದರೆ ಅದರ ಕೆಳಬಾಯಿಯ ಮುಚ್ಚಳ ತೆಗೆದು ಬೂದಿ ಹೊರಹಾಕಬಹುದು. ಎಲ್ಬೋದಲ್ಲಿ ಅದು ಅಲ್ಲೇ ಕೂತು ದಾರಿ ಕಟ್ಟುತ್ತದೆ.

ಗೋಡೆಯಿಂದ ಹೊರಗೆ

ಪೈಪು ಮರದ ಗೋಡೆ ದಾಟುವ ಕಡೆ ಥಿಂಬಲ್ ಎಂಬ ಲೋಹದ ಚೌಕಟ್ಟು ಬೇಕು. ಬಿಸಿ ಪೈಪಿಗೂ ಗೋಡೆಯ ಮರಕ್ಕೂ ನಡುವೆ ಅದು ಅಂತರ ಕಾಯುತ್ತದೆ. ಪೈಪಿನ ಕಂಪನಿ ನೋಡಿಕೊಂಡು ಈ ಅಂತರ 1 ಇಂಚು ಅಥವಾ 3 ಇಂಚು ಇರುತ್ತದೆ. ಅಮೆರಿಕದ ಮನೆಗಳ ಗೋಡೆ ಒಳಗೆಲ್ಲ ಮರದ ಚೌಕಟ್ಟು ಮತ್ತು ಹತ್ತಿಯಂಥ ಇನ್ಸುಲೇಶನ್ ಅಲ್ವಾ? ನಮ್ಮೂರಿನ ಇಟ್ಟಿಗೆ ಗೋಡೆಯಲ್ಲಿ ತೂತು ಕೊರೆದಷ್ಟು ಸಲೀಸಾಗಿ ಇಲ್ಲಿ ಕೊರೆಯಲು ಆಗುವುದಿಲ್ಲ. ಆ ಅಂತರದ ಜಾಗಕ್ಕೆ ಇನ್ಸುಲೇಶನ್ ತುರುಕುವುದು ಕೂಡ ತಪ್ಪು. ಅಲ್ಲಿ ಗಾಳಿ ಮಾತ್ರ ಇರಬೇಕು.

ಪೈಪಿನ ಕೊನೆ ಎಲ್ಲಿರಬೇಕು ಎನ್ನುವುದಕ್ಕೆ ಎನ್‌ಎಫ್‌ಪಿಎ 211 ಎಂಬ ಅಮೆರಿಕದ ಅಗ್ನಿ ಸುರಕ್ಷತಾ ಮಾನದಂಡದಲ್ಲಿ ಅಳತೆಗಳಿವೆ. ತೆರೆಯುವ ಕಿಟಕಿ ಅಥವಾ ಬಾಗಿಲಿನ ಕೆಳಗಿದ್ದರೆ 4 ಅಡಿ ದೂರ. ಪಕ್ಕದಲ್ಲಿದ್ದರೂ 4 ಅಡಿ. ಅದಕ್ಕಿಂತ ಮೇಲಿದ್ದರೆ 1 ಅಡಿ. ಫ್ಯಾನ್ ಹಾಕಿ ಗಾಳಿ ಒಳಗೆಳೆಯುವ ಬಾಯಿ 10 ಅಡಿಯೊಳಗೆ ಎಲ್ಲಾದರೂ ಇದ್ದರೆ ಅದಕ್ಕಿಂತ 3 ಅಡಿ ಮೇಲಿರಬೇಕು. ನೆಲದಿಂದ ಕನಿಷ್ಠ 1 ಅಡಿ. ಜನ ಓಡಾಡುವ ದಾರಿಯ ಪಕ್ಕದಲ್ಲಿ 7 ಅಡಿ. ಇವು ಕನಿಷ್ಠ ಅಳತೆಗಳು. ಒಲೆಯ ಕೈಪಿಡಿ ಇನ್ನೂ ಹೆಚ್ಚು ಕೇಳಿದರೆ ಅದನ್ನೇ ಪಾಲಿಸಬೇಕು.

ನೆಲದಿಂದ 1 ಅಡಿ ಎನ್ನುವುದನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ಅದು ಬರಿ ನೆಲದ ಲೆಕ್ಕ. ಬಫಲೊ ಊರಿನಲ್ಲಿ ಒಂದೇ ಬಿರುಗಾಳಿಗೆ 4 ಅಡಿ ಹಿಮ ಬಿದ್ದದ್ದಿದೆ. ಹಿಮ ಪೈಪಿನ ಬಾಯಿ ಮುಚ್ಚಿದರೆ ಹೊಗೆ ಹೋಗುವುದಾದರೂ ಎಲ್ಲಿಗೆ? ನಿಮ್ಮ ಕಡೆ ಎಷ್ಟು ಹಿಮ ಕೂರುತ್ತದೆ, ಚಾವಣಿಯಿಂದ ಜಾರಿ ಬೀಳುವ ಹಿಮ ಎಲ್ಲಿ ಗುಡ್ಡೆಯಾಗುತ್ತದೆ ಎಂದು ಒಂದು ಚಳಿಗಾಲ ಗಮನಿಸಿದ ಜಾಗವೇ ಒಳ್ಳೆಯದು. ಹಾಗೆಯೇ ಗಾಳಿ ರಭಸವಾಗಿ ಬಂದು ಬಡಿಯುವ ಗೋಡೆ, ಎರಡು ಗೋಡೆ ಕೂಡುವ ಒಳಮೂಲೆ, ಡೆಕ್‌ನ ಕೆಳಗೆ, ಗಿಡಗಂಟಿಗಳ ಪಕ್ಕ, ಇವೆಲ್ಲ ಕೆಟ್ಟ ಜಾಗಗಳೇ.

ನೇರ ಗೋಡೆಯಾಚೆಗೆ ಯಾಕೆ ಬಿಡಬಾರದು?

ಒಲೆಯ ಹಿಂದೆ ಗೋಡೆಗೆ ತೂತು ಕೊರೆದು, ಎರಡಡಿ ಪೈಪು ತೂರಿಸಿ, ಕೆಲಸ ಮುಗಿಸುವುದು ಎಲ್ಲಕ್ಕಿಂತ ಅಗ್ಗ. ಹಲವು ಕೈಪಿಡಿಗಳು ಅದಕ್ಕೆ ಒಪ್ಪಿಗೆಯನ್ನೂ ಕೊಡುತ್ತವೆ. ಫ್ಯಾನ್ ತಿರುಗುವವರೆಗೆ ಅದು ಚೆನ್ನಾಗಿಯೇ ನಡೆಯುತ್ತದೆ. ಆದರೂ ನಾನು ಯಾರಿಗೂ ಅದನ್ನು ಹೇಳುವುದಿಲ್ಲ. ಕಾರಣ ಕರೆಂಟು.

ಹಿಮಬಿರುಗಾಳಿಯ ರಾತ್ರಿ ಒಲೆ ಜೋರಾಗಿ ಉರಿಯುತ್ತಿರುತ್ತದೆ. ಎಲ್ಲೋ ಮರ ಬಿದ್ದು ಕರೆಂಟು ಹೋಗುತ್ತದೆ. ಫ್ಯಾನ್ ನಿಂತಿತು, ಆಗರ್ ನಿಂತಿತು. ಆದರೆ ಬರ್ನ್ ಪಾಟ್‌ನಲ್ಲಿರುವ ಪೆಲೆಟ್ ಆರುವುದಿಲ್ಲ. ಗಾಳಿ ಸಾಲದೆ ಅದು ಕೆಂಡವಾಗಿ ಹೊಗೆಯಾಡುತ್ತದೆ. ಪೈಪು ಬರೀ ಅಡ್ಡ ಇದ್ದರೆ ಆ ಹೊಗೆಯನ್ನು ಎಳೆಯುವವರು ಯಾರೂ ಇಲ್ಲ. ಗಾಳಿ ಬರುವ ತೂತುಗಳಿಂದಲೇ ಅದು ಕೋಣೆಗೆ ಇಳಿಯುತ್ತದೆ. ಪೈಪು 3ರಿಂದ 5 ಅಡಿ ನೇರ ಮೇಲೆ ಹೋಗಿ ಆಮೇಲೆ ಹೊರಗೆ ಹೋದರೆ, ಫ್ಯಾನ್ ನಿಂತ ಮೇಲೂ ಬಿಸಿ ಹೊಗೆ ತಾನಾಗಿ ಏರುತ್ತದೆ. ಚಾವಣಿ ದಾಟಿ ಮೇಲಕ್ಕೆ ಹೋದರಂತೂ ಇನ್ನೂ ಚೆನ್ನ. ಆ ಕೆಲವು ಅಡಿ ಪೈಪಿಗೆ ಕೊಡುವ ಹಣ ಕರೆಂಟಿಲ್ಲದ ರಾತ್ರಿಗಾಗಿ.

ಇದರ ಜೊತೆಗೆ ಯುಪಿಎಸ್ ಇಡುವವರಿದ್ದಾರೆ. ನಮ್ಮವರಿಗೆ ಯುಪಿಎಸ್ ಹೊಸದಲ್ಲ. ಆದರೆ ಒಲೆಯ ಎಲೆಕ್ಟ್ರಾನಿಕ್ ಬೋರ್ಡಿಗೆ ಶುದ್ಧ ಸೈನ್ ವೇವ್ ಕೊಡುವಂಥದ್ದೇ ಬೇಕು, ಒಲೆ ಕಂಪನಿಯನ್ನು ಕೇಳಿಯೇ ಕೊಳ್ಳಿ. ಒಲೆ ಸುರಕ್ಷಿತವಾಗಿ ಆರುವವರೆಗೆ ಫ್ಯಾನ್ ತಿರುಗಿಸಿದರೂ ಸಾಕು, ಅದರ ಕೆಲಸ ಆಯಿತು. ಜನರೇಟರ್ ಇದ್ದರೆ ಅದನ್ನು ಗ್ಯಾರೇಜಿನಲ್ಲಿ ಓಡಿಸಬಾರದು. ಗ್ಯಾರೇಜಿನ ಬಾಗಿಲು ತೆರೆದಿದ್ದರೂ ಬಾರದು. ಮನೆಯಿಂದ 20 ಅಡಿ ದೂರದಲ್ಲಿ, ಹೊರಗೆ ಇಡಬೇಕು.

ಒಗ್ಗರಣೆ ಫ್ಯಾನು ಮತ್ತು ಒಲೆಯ ಗಾಳಿ

ಇದು ನಮ್ಮ ಮನೆಗಳಿಗೆ ವಿಶೇಷವಾಗಿ ಹೇಳಬೇಕಾದ ಮಾತು. ಹೊರನಾಡಿನ ಕನ್ನಡಿಗರು ಮನೆ ಕೊಂಡ ಮೇಲೆ ಬೇಗ ಮಾಡಿಸುವ ಕೆಲಸಗಳಲ್ಲಿ ಅಡುಗೆಮನೆಗೆ ಜೋರಾದ ಹುಡ್ ಹಾಕಿಸುವುದೂ ಒಂದು. ಒಣಮೆಣಸಿನಕಾಯಿ ಒಗ್ಗರಣೆಯ ಘಾಟು ಹೊರಹೋಗಬೇಕು, ಹೊಗೆ ಅಲಾರಂ ಕೂಗಬಾರದು. ಹಾಗಾಗಿ ನಿಮಿಷಕ್ಕೆ 400 ಘನ ಅಡಿ, 600 ಘನ ಅಡಿ, ಕೆಲವೊಮ್ಮೆ ಇನ್ನೂ ಹೆಚ್ಚು ಗಾಳಿ ಎಳೆಯುವ ಫ್ಯಾನ್ ಆರಿಸುತ್ತಾರೆ.

ಹುಡ್ ಅಷ್ಟು ಗಾಳಿಯನ್ನು ಹೊರಗೆ ಹಾಕಿದರೆ ಅಷ್ಟೇ ಗಾಳಿ ಎಲ್ಲಿಂದಲೋ ಒಳಗೆ ಬರಲೇಬೇಕು. ಇನ್ಸುಲೇಶನ್ ಬಿಗಿಯಾಗಿರುವ ಮನೆಯಲ್ಲಿ ಸಂದುಗೊಂದುಗಳಿಲ್ಲ. ಆಗ ಮನೆಯೊಳಗಿನ ಒತ್ತಡ ಹೊರಗಿಗಿಂತ ಕಡಿಮೆಯಾಗುತ್ತದೆ. ಬಾತ್‌ರೂಮ್ ಫ್ಯಾನ್, ಬಟ್ಟೆ ಡ್ರೈಯರ್ ಕೂಡ ಅದೇ ಹೊತ್ತಿಗೆ ಓಡುತ್ತಿದ್ದರೆ ಇನ್ನೂ ಕಡಿಮೆ. ಪೆಲೆಟ್ ಸ್ಟವ್‌ನ ಸಣ್ಣ ಫ್ಯಾನ್ ಈ ಎಳೆತದ ವಿರುದ್ಧ ಹೊಗೆ ದೂಡಬೇಕು. ಬೆಂಕಿ ಮಂಕಾಗುತ್ತದೆ, ಒಲೆ ಎರರ್ ತೋರಿಸಿ ನಿಲ್ಲುತ್ತದೆ, ಕೆಟ್ಟ ಸಂದರ್ಭದಲ್ಲಿ ಹೊಗೆ ಒಳಗೇ ಬರುತ್ತದೆ. ಒಲೆ ಸಂಜೆ ಅಡುಗೆ ಹೊತ್ತಿಗೇ ಕೆಡುತ್ತದೆ, ಉಳಿದ ಹೊತ್ತು ಸರಿ ಇರುತ್ತದೆ ಎಂದರೆ ಮೊದಲು ಹುಡ್ ಮೇಲೆ ಅನುಮಾನ ಪಡಿ.

ಇದಕ್ಕೆ ಪರಿಹಾರ ಒಲೆಗೆ ಬೇಕಾದ ಗಾಳಿಯನ್ನು ಹೊರಗಿನಿಂದಲೇ ತರುವುದು. ಇದಕ್ಕೆ ಔಟ್‌ಸೈಡ್ ಏರ್ ಕಿಟ್ ಎಂದು ಸಿಗುತ್ತದೆ. ಗೋಡೆಯ ಮೂಲಕ ಸಣ್ಣ ಲೋಹದ ಕೊಳವೆ ಒಲೆಯ ಗಾಳಿಬಾಯಿಗೆ ಸೇರುತ್ತದೆ. ಪ್ಲಾಸ್ಟಿಕ್ ಕೊಳವೆ ಬೇಡ. ಹೊರಬಾಯಿಗೆ ಇಲಿ, ಹಕ್ಕಿ ನುಗ್ಗದಂತೆ ಜಾಲರಿ ಇರಬೇಕು. ಅಟ್ಟದಿಂದ ಅಥವಾ ಗ್ಯಾರೇಜಿನಿಂದ ಗಾಳಿ ತೆಗೆದುಕೊಳ್ಳಬಾರದು. ಹೊಗೆ ಪೈಪಿನ ಬಾಯಿ ಪಕ್ಕದಲ್ಲೇ ಇದ್ದರೆ ಬಿಟ್ಟ ಹೊಗೆಯನ್ನೇ ಮತ್ತೆ ಎಳೆದುಕೊಳ್ಳುತ್ತದೆ, ಅದಕ್ಕೆ ದೂರ ಕಾಯಬೇಕು. ಕಾರ್ಖಾನೆಯಲ್ಲಿ ಮಾಡಿ ತಂದಿಡುವ ಮೊಬೈಲ್ ಹೋಮ್‌ಗಳಲ್ಲಿ ಈ ಕಿಟ್ ಕಡ್ಡಾಯ. ಉಳಿದ ಮನೆಗಳಲ್ಲಿ ಹಲವು ಕಡೆ ಐಚ್ಛಿಕ. ದೊಡ್ಡ ಹುಡ್ ಇರುವ ಮನೆಯಲ್ಲಿ ನಾನಾದರೆ ಅದನ್ನು ಐಚ್ಛಿಕ ಎಂದುಕೊಳ್ಳುವುದಿಲ್ಲ. ಹುಡ್‌ಗೂ ಬೇರೆಯಾಗಿ ಗಾಳಿ ತರುವ ವ್ಯವಸ್ಥೆ ಬೇಕೇ ಎಂದು ಊರಿನ ಕಟ್ಟಡ ಇಲಾಖೆಯನ್ನು ಕೇಳಿ. ಹುಡ್ 400 ಘನ ಅಡಿ ದಾಟಿದರೆ ಹಲವು ಊರುಗಳ ನಿಯಮ ಅದನ್ನೂ ಕೇಳುತ್ತದೆ.

ಒಂದು ಗೊಂದಲವನ್ನು ಇಲ್ಲೇ ಬಿಡಿಸಿಬಿಡುತ್ತೇನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಬಿಪಿ ಕಂಪನಿಯ ಜೊತೆ ಸೇರಿ 2000ದ ದಶಕದಲ್ಲಿ ಊರ್ಜಾ ಎಂಬ ಪೆಲೆಟ್ ಒಲೆ ರೂಪಿಸಿದ್ದರು. ಬೆಳೆಯ ಉಳಿಕೆಯಿಂದ ಮಾಡಿದ ಪೆಲೆಟ್, ಬ್ಯಾಟರಿಯಿಂದ ತಿರುಗುವ ಪುಟ್ಟ ಫ್ಯಾನ್. ಅದಕ್ಕೆ ಚಿಮಣಿ ಇರಲಿಲ್ಲ. ಊರಿನಲ್ಲಿ ಅದನ್ನು ನೋಡಿದವರಿಗೆ ಪೆಲೆಟ್‌ಗೆ ಪೈಪು ಯಾಕೆ ಅನ್ನಿಸಬಹುದು. ಅದು ಸ್ವಲ್ಪ ಹೊತ್ತು ಅಡುಗೆಗೆ ಉರಿಸುವ ಒಲೆ, ಗಾಳಿಯಾಡುವ ಜಾಗಕ್ಕೆ ಮಾಡಿದ್ದು. ಕಿಟಕಿಗಳೆಲ್ಲ ಮುಚ್ಚಿದ ಮನೆಯಲ್ಲಿ ರಾತ್ರಿಯಿಡೀ ಉರಿಯುವ ಒಲೆಯ ಮಾತೇ ಬೇರೆ.

ಹಳೆಯ ಚಿಮಣಿ ಇದ್ದರೆ

ಹಳೆಯ ಮನೆಗಳಲ್ಲಿ ಇಟ್ಟಿಗೆಯ ಫೈರ್‌ಪ್ಲೇಸ್ ಇರುತ್ತದೆ. ಅದರೊಳಗೆ ಕೂರುವ ಪೆಲೆಟ್ ಇನ್ಸರ್ಟ್‌ಗಳು ಸಿಗುತ್ತವೆ. ಅಷ್ಟು ದೊಡ್ಡ ಚಿಮಣಿ ಇರುವಾಗ ಪೈಪನ್ನು ಸ್ವಲ್ಪ ಒಳಗೆ ತೂರಿಸಿ ಬಿಟ್ಟರೆ ಸಾಕು ಎಂದು ತೋರುತ್ತದೆ. ಅದು ಸಾಲದು. ಪೆಲೆಟ್ ಸ್ಟವ್‌ನ ಹೊಗೆ ಸೌದೆ ಒಲೆಯ ಹೊಗೆಯಷ್ಟು ಬಿಸಿ ಇರುವುದಿಲ್ಲ. ದೊಡ್ಡ, ತಣ್ಣನೆಯ ಇಟ್ಟಿಗೆ ಗೂಡಿನಲ್ಲಿ ಅದು ಬೇಗ ತಣಿಯುತ್ತದೆ. ನೀರಾವಿ ಹನಿಗಟ್ಟಿ ಇಟ್ಟಿಗೆಯನ್ನು ಕೆಡಿಸುತ್ತದೆ, ಮೇಲೇರುವ ಸೆಳೆತವೂ ಸಿಗುವುದಿಲ್ಲ. ಚಿಮಣಿಯ ತುದಿಯವರೆಗೆ ಸ್ಟೇನ್‌ಲೆಸ್ ಸ್ಟೀಲ್ ಲೈನರ್, ಅಂದರೆ ಒಳಕೊಳವೆ, ಇಳಿಸಿ, ಮೇಲೆ ಮುಚ್ಚಳ ಹಾಕಿ, ಕೆಳಗೆ ಸುತ್ತಲಿನ ಖಾಲಿ ಜಾಗವನ್ನು ತಗಡಿನಿಂದ ಮುಚ್ಚುವುದೇ ಸರಿಯಾದ ಕೆಲಸ. ಲೈನರ್ ಇಳಿಸುವ ಮೊದಲು ಚಿಮಣಿ ಗುಡಿಸಿ, ಒಡೆದಿದೆಯೇ ನೋಡಿಸಿ. ಎಣ್ಣೆ ಬಾಯ್ಲರಿನ ಹೊಗೆ ಹೋಗುವ ಗೂಡಿಗೆ ಪೆಲೆಟ್ ಸ್ಟವ್‌ನ ಪೈಪನ್ನೂ ಸೇರಿಸುವುದಂತೂ ಕೂಡದು.

ಒಲೆ ಕೂರುವ ಜಾಗದ ವಿಷಯ ಅಷ್ಟು ಕಷ್ಟದ್ದಲ್ಲ. ಕೆಳಗೆ ಸುಡದ ಹಾಸು ಬೇಕು, ಅದು ಒಲೆಯ ಮುಂದೆ ಮತ್ತು ಪಕ್ಕಗಳಲ್ಲಿ ಸಾಮಾನ್ಯವಾಗಿ 6 ಇಂಚು ಚಾಚಿರಬೇಕು. ಗೋಡೆಯಿಂದ ಎಷ್ಟು ದೂರ ಎನ್ನುವುದು ಒಲೆಯ ಹಿಂದಿನ ಲೇಬಲ್ಲಿನಲ್ಲೇ ಇದೆ. ಮಲಗುವ ಕೋಣೆಯಲ್ಲಿ ಬೇಡ.

ಯಾರು ಕೂರಿಸಬೇಕು, ಯಾರಿಗೆ ಹೇಳಬೇಕು

ಊರಿನ ಕಟ್ಟಡ ಇಲಾಖೆಯಿಂದ ಪರ್ಮಿಟ್ ತೆಗೆದುಕೊಳ್ಳಿ. ಕೆಲಸ ಮುಗಿದ ಮೇಲೆ ಇನ್‌ಸ್ಪೆಕ್ಟರ್ ಬಂದು ನೋಡುತ್ತಾರೆ. ಅದನ್ನು ಕಿರಿಕಿರಿ ಎಂದುಕೊಳ್ಳಬೇಡಿ, ನಿಮ್ಮ ಪರವಾಗಿ ನೋಡುವ ಇನ್ನೊಂದು ಜೊತೆ ಕಣ್ಣು ಅದು. ಮನೆ ವಿಮೆಯವರಿಗೂ ಬರೆದು ತಿಳಿಸಿ. ತಿಳಿಸದ ಒಲೆಯಿಂದ ಬೆಂಕಿ ಬಿದ್ದರೆ ವಿಮೆ ಹಣಕ್ಕೆ ತಕರಾರು ಬರಬಹುದು. ಅಮೆರಿಕದಲ್ಲಿ ಎನ್‌ಎಫ್‌ಐ (ನ್ಯಾಷನಲ್ ಫೈರ್‌ಪ್ಲೇಸ್ ಇನ್‌ಸ್ಟಿಟ್ಯೂಟ್) ಪ್ರಮಾಣಪತ್ರ ಇರುವ ಕೆಲಸಗಾರರನ್ನು, ಕೆನಡಾದಲ್ಲಿ ಅಂಥದ್ದೇ ವೆಟ್ (WETT) ಪ್ರಮಾಣಪತ್ರ ಇರುವವರನ್ನು ಹುಡುಕಿ. ಒಲೆಯನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಲೇಬಲ್ ಮತ್ತು ಕೈಪಿಡಿ ಎರಡೂ ಇರಲೇಬೇಕು. ಅಮೆರಿಕದ ಪರಿಸರ ಸಂಸ್ಥೆ ಇಪಿಎ 2020ರ ಮೇ ತಿಂಗಳಿಂದ ಹೊಸ ಒಲೆಗಳ ಹೊಗೆಯ ಕಣಗಳಿಗೆ ಗಂಟೆಗೆ 2 ಗ್ರಾಂ ಮಿತಿ ಹಾಕಿದೆ. ಅದಕ್ಕೆ ಮುಂಚಿನ ಒಲೆಯನ್ನು ಹೊಸದಾಗಿ ಕೂರಿಸಲು ನಿಮ್ಮ ಊರು ಬಿಡುತ್ತದೆಯೇ ಎಂದು ಮೊದಲೇ ವಿಚಾರಿಸಿ.

ಮೊದಲ ಸಲ ಉರಿಸುವಾಗ ಬಣ್ಣ ಕಾದು ಕೆಟ್ಟ ವಾಸನೆ ಬರುತ್ತದೆ. ಕಿಟಕಿ ತೆರೆದಿಡಿ, ಗಾಬರಿ ಬೇಡ. ಅದೇ ಹೊತ್ತಿಗೆ ಕತ್ತಲೆ ಮಾಡಿ ಟಾರ್ಚ್ ಹಿಡಿದು ಪೈಪಿನ ಪ್ರತಿ ಸಂದನ್ನೂ ನೋಡಿ. ಒಲೆ ಹತ್ತುವ ಮೊದಲ ಕೆಲವು ನಿಮಿಷ ಹೊಗೆ ಜಾಸ್ತಿ ಇರುವುದರಿಂದ ಸೋರಿಕೆ ಇದ್ದರೆ ಬೆಳಕಿನಲ್ಲಿ ಎಳೆಯಾಗಿ ಕಾಣುತ್ತದೆ. ಕೆಲಸದವರು ಇನ್ನೂ ಮನೆಯಲ್ಲಿರುವಾಗಲೇ ಇದನ್ನು ಮಾಡಿಬಿಡಿ.

ಅಲಾರಂ ಕೂಗಿದಾಗ

ರಕ್ತದ ಹಿಮೊಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಕಾರ್ಬನ್ ಮೊನಾಕ್ಸೈಡನ್ನು ಹಿಡಿದುಕೊಳ್ಳುತ್ತದೆ. ಹಾಗಾಗಿ ಗಾಳಿಯಲ್ಲಿ ಸ್ವಲ್ಪವೇ ಇದ್ದರೂ ಅಪಾಯ. ತಲೆನೋವು, ಹೊಟ್ಟೆ ತೊಳಸು, ತಲೆಸುತ್ತು, ಸುಸ್ತು. ಚಳಿಗಾಲದಲ್ಲಿ ಇವನ್ನು ಫ್ಲೂ ಎಂದುಕೊಂಡು ಕಂಬಳಿ ಹೊದ್ದು ಮಲಗುವುದೇ ಅಪಾಯದ ಮೂಲ. ಜ್ವರ ಇಲ್ಲದೆ ಮನೆಯವರೆಲ್ಲರಿಗೂ ಒಟ್ಟಿಗೆ ತಲೆನೋವು ಬಂದರೆ, ಹೊರಗೆ ಹೋದಾಗ ಕಡಿಮೆಯಾದರೆ, ಒಲೆಯ ಮೇಲೆ ಸಂಶಯ ಪಡಿ.

ಪ್ರತಿ ಮಹಡಿಯಲ್ಲೂ, ಮಲಗುವ ಕೋಣೆಗಳ ಹೊರಗೂ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಬೇಕು. ಹೊಗೆ ಅಲಾರಂ ಬೇರೆ, ಇದು ಬೇರೆ. ಅಮೆರಿಕದ ಯುಎಲ್ 2034 ಮಾನದಂಡದ ಪ್ರಕಾರ ಗಾಳಿಯಲ್ಲಿ ಹತ್ತು ಲಕ್ಷ ಪಾಲಿಗೆ 400 ಪಾಲು ಈ ಅನಿಲ ಇದ್ದರೆ ಅಲಾರಂ 4ರಿಂದ 15 ನಿಮಿಷದೊಳಗೆ ಕೂಗಬೇಕು. 70 ಪಾಲು ಇದ್ದರೆ 1ರಿಂದ 4 ಗಂಟೆಯ ಒಳಗೆ. ಅಂದರೆ ಅಲಾರಂ ಸುಮ್ಮನಿದೆ ಎಂದ ಮಾತ್ರಕ್ಕೆ ಗಾಳಿ ಶುದ್ಧ ಎಂದು ಅರ್ಥವಲ್ಲ. ಊರಿನಿಂದ ಬಂದ ವಯಸ್ಸಾದ ಅಪ್ಪ ಅಮ್ಮ, ಗರ್ಭಿಣಿಯರು, ಮಕ್ಕಳು ಇರುವ ಮನೆಯಲ್ಲಿ ಕಡಿಮೆ ಮಟ್ಟವನ್ನೂ ಅಂಕಿಯಲ್ಲಿ ತೋರಿಸುವ ಮೀಟರ್ ಇಡುವುದು ಒಳ್ಳೆಯದು. ಅಪ್ಪ ಅಮ್ಮನಿಗೆ ಆ ಅಲಾರಂ ಸದ್ದು ಒಮ್ಮೆ ಕೇಳಿಸಿ, ಹಾಗೆ ಕೂಗಿದರೆ ಸ್ವೆಟರ್ ಹುಡುಕದೆ ಹೊರಗೆ ಬನ್ನಿ ಎಂದು ಹೇಳಿಡಿ. ಎಲ್ಲರೂ ಹೊರಗೆ ಬಂದು 911ಕ್ಕೆ ಕರೆ ಮಾಡಬೇಕು. ಅಗ್ನಿಶಾಮಕದವರು ಅಳೆದು ಹೇಳುವವರೆಗೆ ಒಳಗೆ ಹೋಗಬಾರದು.

ಬೂದಿ, ಕಿಟ್ಟ ಮತ್ತು ಒಂದು ಸ್ವಿಚ್ಚು

ಬರ್ನ್ ಪಾಟ್‌ನ ತೂತುಗಳನ್ನು ಕೆಲವು ದಿನಕ್ಕೊಮ್ಮೆ ಕೆರೆದು ತೆಗೆಯಬೇಕು. ಮಣ್ಣು ಮರಳು ಬೆರೆತ ಕಳಪೆ ಪೆಲೆಟ್ ಉರಿಸಿದರೆ ಬೂದಿ ಕರಗಿ ಗಟ್ಟಿ ಕಿಟ್ಟವಾಗಿ ತೂತು ಮುಚ್ಚುತ್ತದೆ. ಉರಿ ಸೋಮಾರಿಯಾಗಿ, ಕಿತ್ತಳೆ ಬಣ್ಣದಲ್ಲಿ, ತುದಿಯಲ್ಲಿ ಕಪ್ಪಾಗಿ ಆಡಿದರೆ ಗಾಳಿ ಸಾಲುತ್ತಿಲ್ಲ ಎಂದರ್ಥ. ಚುರುಕಾದ ಹಳದಿ ಬಿಳಿ ಉರಿ ಇರಬೇಕು. ಪೈಪು, ಟೀ, ಹೊಗೆ ಫ್ಯಾನ್ ಎಲ್ಲವನ್ನೂ ವರ್ಷಕ್ಕೊಮ್ಮೆಯಾದರೂ ಪೂರ್ತಿ ಬಿಚ್ಚಿ ಶುದ್ಧ ಮಾಡಿಸಬೇಕು. ಜಾಸ್ತಿ ಉರಿಸುವವರಿಗೆ ಒಂದು ಸಲ ಸಾಲದು. ಬೂದಿಯನ್ನು ಮನೆಯ ಮಾಮೂಲಿ ವ್ಯಾಕ್ಯೂಮ್‌ನಲ್ಲಿ ಎಳೆಯಬೇಡಿ. ಒಳಗೆ ಒಂದು ಕೆಂಡ ಇದ್ದರೂ ಅದು ಹತ್ತಿಕೊಳ್ಳುತ್ತದೆ. ಮುಚ್ಚಳದ ಲೋಹದ ಡಬ್ಬಿಯಲ್ಲಿ ಹಾಕಿ ಮನೆಯಿಂದ ಹೊರಗಿಡಿ. ಮರದ ಡೆಕ್ ಮೇಲೆ ಇಡುವುದು ಬೇಡ.

ಒಲೆಯಲ್ಲಿ ವ್ಯಾಕ್ಯೂಮ್ ಸ್ವಿಚ್ ಎಂದು ಒಂದಿದೆ. ಬೆಂಕಿಗೂಡಿನಲ್ಲಿ ಸೆಳೆತ ಸಾಕಷ್ಟಿಲ್ಲ ಎಂದು ಗೊತ್ತಾದ ಕೂಡಲೇ ಅದು ಪೆಲೆಟ್ ಬೀಳುವುದನ್ನು ನಿಲ್ಲಿಸುತ್ತದೆ. ಬಾಗಿಲು ಸರಿಯಾಗಿ ಮುಚ್ಚಿಲ್ಲ, ಪೈಪು ಕಟ್ಟಿದೆ, ಫ್ಯಾನ್ ದುರ್ಬಲವಾಗಿದೆ, ಏನಾದರೂ ಒಂದು ಕಾರಣ ಇದ್ದೇ ಇರುತ್ತದೆ. ಒಲೆ ಪದೇ ಪದೇ ನಿಲ್ಲುತ್ತದೆಂದು ಬೇಸತ್ತು ಆ ಸ್ವಿಚ್ಚಿನ ಎರಡು ವೈರುಗಳನ್ನು ನೇರ ಕೂಡಿಸಿ ಓಡಿಸುವವರಿದ್ದಾರೆ. ದಯವಿಟ್ಟು ಯಾವತ್ತೂ ಹೀಗೆ ಮಾಡಬೇಡಿ, ರಿಪೇರಿಗೆ ಬಂದವರು ಮಾಡುತ್ತೇನೆಂದರೂ ಬಿಡಬೇಡಿ. ಹೊಗೆಯ ದಾರಿ ಕಟ್ಟಿದೆ ಎಂದು ಹೇಳಲು ಒಲೆಗೆ ಇರುವ ಬಾಯಿ ಅದೊಂದೇ.

ಇನ್ನು ಪೆಲೆಟ್ ಇಡುವ ಜಾಗ. ನೀರು ತಾಗಿದರೆ ಪೆಲೆಟ್ ಮತ್ತೆ ಮರದ ಪುಡಿಯಾಗುತ್ತದೆ, ಆಗರ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ನೆಲದಿಂದ ಸ್ವಲ್ಪ ಎತ್ತರಿಸಿ, ಒಣ ಜಾಗದಲ್ಲಿ, ಒಲೆಯಿಂದ ದೂರ ಇಡಿ. ಚೀಲಗಳಲ್ಲಿ ಕೊಂಡು ಗ್ಯಾರೇಜಿನಲ್ಲಿ ಒಟ್ಟಿದರೆ ಅಷ್ಟರಲ್ಲಿ ಮುಗಿಯಿತು. ಆದರೆ ಟನ್‌ಗಟ್ಟಲೆ ಪೆಲೆಟ್ ಸುರಿದಿಡುವ ಮುಚ್ಚಿದ ಕೋಣೆಯಿದ್ದರೆ ಎಚ್ಚರ ಬೇಕು. ಮರದಲ್ಲಿರುವ ಕೊಬ್ಬಿನ ಅಂಶ ಗಾಳಿಯೊಡನೆ ಸೇರಿ, ಬೆಂಕಿಯೇ ಇಲ್ಲದೆ ಪೆಲೆಟ್ ರಾಶಿಯಿಂದಲೇ ಕಾರ್ಬನ್ ಮೊನಾಕ್ಸೈಡ್ ಹೊರಬರುತ್ತದೆ. ಯುರೋಪಿನಲ್ಲಿ ಇಂಥ ದಾಸ್ತಾನು ಕೋಣೆಗಳಿಗೆ ಇಳಿದವರು ಸತ್ತದ್ದಿದೆ. ಆ ಕೋಣೆಗೆ ಗಾಳಿಕಿಂಡಿ ಇರಬೇಕು, ಒಳಗೆ ಹೋಗುವ ಮೊದಲು ಬಾಗಿಲು ತೆರೆದು ಚೆನ್ನಾಗಿ ಗಾಳಿಯಾಡಲು ಬಿಡಬೇಕು, ಹೋಗುವಾಗ ಹೊರಗೆ ಇನ್ನೊಬ್ಬರು ನಿಂತಿರಬೇಕು. ಮಕ್ಕಳು ತೆರೆಯದ ಹಾಗೆ ಆ ಬಾಗಿಲಿಗೆ ಬೀಗ ಹಾಕಿಡಿ.